ಚಿಕ್ಕಿ ಆರುವ ಮೊದಲು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ಫೋನ್ ಮಾಡಿ, "ನಿಮ್ಮ ಕೆಲಸದ ಬಗ್ಗೆ ಒಂದು ಇಪ್ಪತ್ತು ನಿಮಿಷ ಮಾತಾಡ್ರಿ, ಆದ್ರ ಎಲ್ಲಾರಿಗೂ ತಿಳಿಯೋಹಂಗ ಹೇಳ್ರಿ" ಅಂದರು. ನನ್ನ ಕೆಲಸ ಇಷ್ಟೇ: ಆಕಾಶದಲ್ಲಿ ಏನೋ ಒಂದು ಫಕ್ಕನೆ ಹೊತ್ತಿಕೊಂಡರೆ, ಅದು ಆರಿಹೋಗುವ ಮೊದಲು ದೂರದರ್ಶಕ ಅತ್ತ ತಿರುಗುವಂತೆ ಮಾಡುವ ತಂತ್ರಾಂಶ ಬರೆಯುವುದು. ಊರಿಗೆ ಬಂದಾಗ ಕಟ್ಟೆಯ ಮೇಲೆ ಒಬ್ಬ ಕಾಕಾ ಕೇಳಿದ್ದರು: "ಚಿಕ್ಕಿ ನೋಡೋದಕ್ಕೂ ಪಗಾರ ಕೊಡ್ತಾರೇನಪಾ?" ಕೊಡುತ್ತಾರೆ. ಚಿಕ್ಕಿ ನೋಡುವುದಕ್ಕಲ್ಲ, ಯಾವ ಚಿಕ್ಕಿ ಯಾವಾಗ ನೋಡಬೇಕು ಅಂತ ಹೇಳುವುದಕ್ಕೆ. ಆ ವ್ಯತ್ಯಾಸವನ್ನೇ ಇವತ್ತು ಬಿಡಿಸಿ ಹೇಳುತ್ತೇನೆ.

ಆಕಾಶ ಅಂದರೆ ಸಾವಕಾಶದ್ದು ಅಂತ ನಾವೆಲ್ಲ ತಿಳಿದಿದ್ದೇವೆ. ಅಜ್ಜ ನೋಡಿದ ಸಪ್ತರ್ಷಿಗಳನ್ನೇ ಮೊಮ್ಮಗ ನೋಡುತ್ತಾನೆ. ಮಳಖೇಡದಲ್ಲಿ ನೃಪತುಂಗ ಆಳುತ್ತಿದ್ದಾಗ, ಅವನ ಆಶ್ರಯದಲ್ಲಿ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆಯುತ್ತಿದ್ದಾಗ, ಕಾಗಿಣಾ ದಂಡೆಯ ಮೇಲೆ ಕಂಡ ಆಕಾಶವೂ ಹೆಚ್ಚು ಕಡಿಮೆ ಇದೇ. ಆದರೆ ಇದು ಬರಿಗಣ್ಣಿನ ಮಾತು. ದೊಡ್ಡ ಕಣ್ಣಿಟ್ಟು ನೋಡಿದರೆ ಪ್ರತಿ ರಾತ್ರಿ ಎಲ್ಲೋ ಒಂದು ನಕ್ಷತ್ರ ಸಿಡಿಯುತ್ತಿರುತ್ತದೆ, ಎಲ್ಲೋ ಎರಡು ಸತ್ತ ನಕ್ಷತ್ರಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿರುತ್ತವೆ. ಕೆಲವು ತಿಂಗಳುಗಟ್ಟಲೆ ಬೆಳಗುತ್ತವೆ, ಕೆಲವು ನಾಲ್ಕು ದಿನ. ಗಾಮಾ ಕಿರಣ ಸ್ಫೋಟ ಅನ್ನುವುದೊಂದಿದೆ, ಅದು ಕೆಲವೊಮ್ಮೆ ಎರಡು ಸೆಕೆಂಡೂ ಇರುವುದಿಲ್ಲ; ಆಮೇಲೆ ಉಳಿಯುವ ಮಂದ ಬೆಳಕು ಗಂಟೆಗಂಟೆಗೂ ಕುಗ್ಗುತ್ತ ಹೋಗುತ್ತದೆ. 2008ರ ಮಾರ್ಚ್ 19ರಂದು ಅಂಥದೊಂದು ಸ್ಫೋಟದ ಬೆಳಕು, ಸರಿಯಾದ ಕಡೆ ನೋಡುತ್ತಿದ್ದವರಿಗೆ, ಸುಮಾರು ಅರ್ಧ ನಿಮಿಷ ಬರಿಗಣ್ಣಿಗೇ ಕಾಣುವಷ್ಟಿತ್ತು. ಅದು ಹೊರಟದ್ದು 750 ಕೋಟಿ ವರ್ಷಗಳ ಹಿಂದೆ, ಭೂಮಿ ಹುಟ್ಟುವುದಕ್ಕೂ ಮೊದಲು. ಅಷ್ಟು ದೂರ ನಡೆದು ಬಂದು ಅರ್ಧ ನಿಮಿಷ ಬಾಗಿಲಲ್ಲಿ ನಿಂತು ಹೋಯಿತು.

ಹಾಗಾಗಿ ಸುದ್ದಿ ಬೇಗ ಮುಟ್ಟಬೇಕು. ಹಿಂದೆ ಇದಕ್ಕೆ ತಂತಿ ಇತ್ತು. ತಂತಿ ಬಂತೆಂದರೆ ಯಾರಿಗೋ ಏನೋ ಆಗಿದೆ ಅಂತ ಮನೆಮಂದಿ ಗಾಬರಿಯಾಗುತ್ತಿದ್ದ ಕಾಲ ಇಲ್ಲಿರುವ ಹಿರಿಯರಿಗೆ ನೆನಪಿದೆ. ಖಗೋಳ ವಿಜ್ಞಾನಿಗಳಿಗೂ ತಂತಿಯೇ ಗತಿಯಾಗಿತ್ತು. 1882ರಲ್ಲಿ ಜರ್ಮನಿಯ ಕೀಲ್ ಊರಿನಲ್ಲಿ ಇದಕ್ಕೆಂದೇ ಒಂದು ಕೇಂದ್ರ ಕಚೇರಿ ಶುರುವಾಯಿತು. ಹೊಸ ಧೂಮಕೇತು ಕಂಡರೆ, ಹೊಸ ನಕ್ಷತ್ರ ಕಂಡರೆ ಅಲ್ಲಿಗೆ ತಂತಿ. ಅಲ್ಲಿಂದ ಲೋಕಕ್ಕೆಲ್ಲ ತಂತಿ. ಆ ಕಚೇರಿ ಮುಂದೆ ಕೋಪನ್‌ಹೇಗನ್‌ಗೆ, 1965ರಲ್ಲಿ ಅಮೆರಿಕಕ್ಕೆ ಹೋಯಿತು.

ಈ ಧೂಮಕೇತುಗಳ ಮಾತಿನಲ್ಲಿ ನಮ್ಮ ಹಳೆಯ ರಾಜ್ಯದ ಹುಡುಗನೊಬ್ಬನ ಹೆಸರೂ ಇದೆ. ಗುಲಬರ್ಗಾ ನಿಜಾಮರ ಹೈದರಾಬಾದಿಗೆ ಸೇರಿದ್ದ ಕಾಲದಲ್ಲಿ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸ ಮಾಡುತ್ತಿದ್ದವರೊಬ್ಬರ ಮಗ, ನಿಜಾಮ್ ಕಾಲೇಜಿನಲ್ಲಿ ಓದಿದ ವೇಣು ಬಾಪು. ಹಾರ್ವರ್ಡಿಗೆ ಓದಲು ಹೋದಾಗ 1949ರ ಜುಲೈನಲ್ಲಿ ಬಾರ್ಟ್ ಬಾಕ್ ಮತ್ತು ಗಾರ್ಡನ್ ನ್ಯೂಕರ್ಕ್ ಜೊತೆ ಹೊಸ ಧೂಮಕೇತು ಕಂಡುಹಿಡಿದರು; ಅದಕ್ಕೆ ಮೂವರ ಹೆಸರೂ ಇದೆ. ಬಾಪು ಆಮೇಲೆ ಇಲ್ಲಿಗೇ ಬಂದು, 1971ರಲ್ಲಿ ಭಾರತೀಯ ಖಭೌತ ಸಂಸ್ಥೆ ರೂಪುಗೊಳ್ಳಲು ಕಾರಣರಾದರು. ಬೆಂಗಳೂರಿನ ಕೋರಮಂಗಲದಲ್ಲಿರುವ ಆ ಸಂಸ್ಥೆಯ ಕೆಲಸ ಮುಂದೆ ಇದೇ ಭಾಷಣದಲ್ಲಿ ಮತ್ತೆ ಬರುತ್ತದೆ.

ತಂತಿಯಿಂದ ಕಂಪ್ಯೂಟರಿಗೆ ಬಂದದ್ದು ಗಾಮಾ ಸ್ಫೋಟಗಳ ಕಾಟದಿಂದ. ಅವು ಮೊದಲು ಕಂಡದ್ದು 1967ರಲ್ಲಿ, ಯಾರಾದರೂ ಕದ್ದು ಅಣುಬಾಂಬ್ ಪರೀಕ್ಷೆ ಮಾಡುತ್ತಾರೋ ಎಂದು ಕಾಯಲು ಅಮೆರಿಕ ಹಾರಿಸಿದ್ದ ವೇಲಾ ಉಪಗ್ರಹಗಳಿಗೆ. 1973ರಲ್ಲಿ ವಿಷಯ ಬಹಿರಂಗವಾಯಿತು. ಅವು ಎಲ್ಲಿಂದ ಬರುತ್ತವೆ ಎಂದು ತಿಳಿಯಲು ಮತ್ತೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು, ಏಕೆಂದರೆ ಉಪಗ್ರಹದ ಸುದ್ದಿ ನೆಲಕ್ಕೆ ಮುಟ್ಟಿ, ಮನುಷ್ಯ ಓದಿ, ಇನ್ನೊಬ್ಬರಿಗೆ ಹೇಳಿ, ದೂರದರ್ಶಕ ತಿರುಗುವಷ್ಟರಲ್ಲಿ ಸಂತೆ ಮುಗಿದಿರುತ್ತಿತ್ತು. 1990ರ ದಶಕದಲ್ಲಿ ನಾಸಾದವರು ನಡುವಿನ ಮನುಷ್ಯನನ್ನು ತೆಗೆದು, ಉಪಗ್ರಹದಿಂದ ನೇರವಾಗಿ ದೂರದರ್ಶಕದ ಕಂಪ್ಯೂಟರಿಗೇ ಸಂದೇಶ ಹೋಗುವ ಜಾಲ ಕಟ್ಟಿದರು. ಫಲ ಸಿಕ್ಕಿದ್ದು 1999ರ ಜನವರಿ 23ರಂದು. ಸ್ಫೋಟ ಶುರುವಾದ 22ನೇ ಸೆಕೆಂಡಿಗೆ ಅಮೆರಿಕದ ರೋಟ್ಸಿ ಎಂಬ ಸಣ್ಣ ಕ್ಯಾಮೆರಾ ಸಾಧನ, ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ, ತಾನೇ ತಿರುಗಿ ಫೋಟೊ ತೆಗೆದಿತ್ತು. ಆ ಬೆಳಕು ಬೈನಾಕ್ಯುಲರಿನಲ್ಲಿ ಕಾಣುವಷ್ಟು ಪ್ರಖರವಾಗಿತ್ತು, ನಿಮಿಷಗಳಲ್ಲಿ ಕುಗ್ಗಿಹೋಯಿತು.

ಈಗ ತಂತ್ರಾಂಶ ಮಾಡುವುದೇನು ಅಂತ ಹೇಳುತ್ತೇನೆ. ಶಹಾಬಾದ್ ಕಲ್ಲು ಹಾಸುವುದನ್ನು ಕಂಡವರಿಗೆ ಇದು ಸುಲಭ.

ಸಂದೇಶ ಬರುತ್ತದೆ. ಯಾವಾಗ ಆಯಿತು, ಎಲ್ಲಿ ಆಯಿತು, ಎಷ್ಟು ಖಾತ್ರಿ, ಎಂಥದಿರಬಹುದು, ಇಷ್ಟು ಅದರಲ್ಲಿರುತ್ತದೆ. ತೊಂದರೆ ಇರುವುದು 'ಎಲ್ಲಿ' ಎಂಬುದರಲ್ಲಿ. ಬಹಳ ಸಲ ಅದು ಒಂದು ಚುಕ್ಕೆಯಲ್ಲ, ಒಂದು ಸೀಮೆ. ಕುರಿ ಕಳೆದುಹೋದಾಗ "ಹಳ್ಳದ ಆಚೆ, ಆ ಎರಡು ಹೊಲಗಳ ನಡುವೆ ಎಲ್ಲೋ ಇರಬೇಕು, ಬೇವಿನ ಗಿಡದ ಹತ್ತಿರ ಇರೋದೇ ಹೆಚ್ಚು" ಅಂತ ಹೇಳುತ್ತಾರಲ್ಲ, ಹಾಗೆ. ಆಕಾಶದ ನಕ್ಷೆಯ ಮೇಲೆ ಎಲ್ಲಿ ಇರುವ ಸಂಭವ ಹೆಚ್ಚು, ಎಲ್ಲಿ ಕಡಿಮೆ ಅಂತ ಬಣ್ಣ ತುಂಬಿ ಕಳಿಸುತ್ತಾರೆ. ಆ ಸೀಮೆ ಸೊಟ್ಟ ಇರುತ್ತದೆ, ಒಮ್ಮೊಮ್ಮೆ ಬಾಳೆಹಣ್ಣಿನ ಆಕಾರದಲ್ಲಿ ಅರ್ಧ ಆಕಾಶ ಬಳಸಿರುತ್ತದೆ. ದೂರದರ್ಶಕಕ್ಕೆ ಒಂದು ಸಲಕ್ಕೆ ಕಾಣುವುದು ಚೌಕಾಕಾರದ ಒಂದು ತುಂಡು ಆಕಾಶ, ಒಂದು ಫರ್ಸಿಯಷ್ಟು ಅನ್ನಿ. ಸೊಟ್ಟ ಅಂಗಳಕ್ಕೆ ಚೌಕ ಫರ್ಸಿ ಹಾಸಬೇಕು. ಸಂದಿ ಬಿಡಬಾರದು, ಒಂದರ ಮೇಲೊಂದು ಹೆಚ್ಚು ಏರಬಾರದು, ಕಲ್ಲು ಕಡಿಮೆ ಖರ್ಚಾಗಬೇಕು. ನಮ್ಮ ಶಹಾಬಾದಿನ ಮೇಸ್ತ್ರಿ ಕಣ್ಣಳತೆಯಲ್ಲಿ ಮಾಡುವುದನ್ನು ನಾವು ಸಾವಿರಾರು ಸಾಲು ಕೋಡ್ ಬರೆದು ಮಾಡಿಸುತ್ತೇವೆ.

ಫರ್ಸಿ ಹಾಸಿದರೆ ಮುಗಿಯಲಿಲ್ಲ. ಯಾವ ಕಲ್ಲು ಮೊದಲು? ಸಂಭವ ಹೆಚ್ಚಿರುವುದು ಮೊದಲು ಅಂತ ಯಾರಿಗೂ ಅನ್ನಿಸುತ್ತದೆ. ಆದರೆ ಪಡುವಣದ ಅಂಚಿನ ತುಂಡು ಇನ್ನು ಇಪ್ಪತ್ತು ನಿಮಿಷಕ್ಕೆ ಮುಳುಗುತ್ತದೆ; ನಡು ಆಕಾಶದ್ದು ಮೂರು ತಾಸು ಕಾಯುತ್ತದೆ. ಚಂದ್ರ ಹತ್ತಿರವಿದ್ದರೆ ಅಲ್ಲಿ ಮಂದ ಬೆಳಕು ಕಾಣುವುದಿಲ್ಲ. ದೂರದರ್ಶಕ ಈ ಮೂಲೆಯಿಂದ ಆ ಮೂಲೆಗೆ ತಿರುಗಲು ಸಮಯ ಬೇಕು. ಮೋಡ ಬರುತ್ತದೆ. ತೊಗರಿ ಒಣಗಲು ಹಾಕಿ ಮಳೆ ಮೋಡ ಕಂಡಾಗ ಯಾವ ರಾಶಿ ಮೊದಲು ಮುಚ್ಚಬೇಕು ಅಂತ ನಿಮ್ಮ ತಲೆಯಲ್ಲಿ ಓಡುವ ಲೆಕ್ಕ ಇದೆಯಲ್ಲ, ಅದೇ ಲೆಕ್ಕ.

ಫೋಟೊ ಬಂದ ಮೇಲೆ ಅದರಲ್ಲಿ ಸಾವಿರಾರು ಚುಕ್ಕೆ. ಹೊಸದು ಯಾವುದು? ಅದೇ ಜಾಗದ ಹಳೆಯ ಫೋಟೊವನ್ನು ಹೊಸದರಿಂದ ಕಳೆಯುತ್ತಾರೆ. ನಮ್ಮ ಐದನೇ ತರಗತಿಯ ವ್ಯವಕಲನವೇ, ಚುಕ್ಕೆ ಚುಕ್ಕೆಗೂ ಮಾಡುವುದು. ಮೊದಲೇ ಇದ್ದದ್ದೆಲ್ಲ ಸೊನ್ನೆಯಾಗಿ, ಉಳಿದದ್ದು ಹೊಸದು. ಹಾಗೆ ಉಳಿದದ್ದರಲ್ಲೂ ಹೆಚ್ಚಿನವು ಮೋಸ: ಕ್ಷುದ್ರಗ್ರಹ, ಉಪಗ್ರಹದ ಗೆರೆ, ಕ್ಯಾಮೆರಾಕ್ಕೆ ತಾಗಿದ ಕಾಸ್ಮಿಕ್ ಕಣ. ಅವನ್ನು ಜರಡಿ ಹಿಡಿಯಲು ಮತ್ತೊಂದು ತಂತ್ರಾಂಶ. ಕೊನೆಗೆ ಉಳಿದ ನಾಲ್ಕಾರನ್ನು ಮನುಷ್ಯರು ನೋಡುತ್ತಾರೆ.

ಈ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ ಒಂದು ರೂಢಿ ಇದೆ. ಏನೂ ಸಿಗದಿದ್ದರೂ ಬರೆದು ತಿಳಿಸುತ್ತಾರೆ: "ಇಷ್ಟು ಹೊತ್ತಿಗೆ ಇಲ್ಲಿ ನೋಡಿದೆವು, ಇಷ್ಟು ಮಂದ ಬೆಳಕಿನವರೆಗೂ ನೋಡಿದೆವು, ಏನೂ ಇಲ್ಲ." ಅದರಿಂದ ಇನ್ನೊಬ್ಬರ ಹುಡುಕಾಟ ಕಡಿಮೆಯಾಗುತ್ತದೆ. ಕಳೆದ ಕುರಿ ಹುಡುಕಲು ನಾಲ್ಕು ದಿಕ್ಕಿಗೆ ಹೋದವರಲ್ಲಿ "ಈ ಕಡೆ ಇಲ್ಲೋ" ಅಂತ ಕೂಗುವವನೂ ಅಷ್ಟೇ ಮುಖ್ಯ ಅಲ್ಲವೇ.

ಇದೆಲ್ಲ ಒಂದೇ ದಿನ ಒಟ್ಟಿಗೆ ನಡೆದದ್ದು 2017ರ ಆಗಸ್ಟ್ 17ರಂದು. ಸ್ವಾತಂತ್ರ್ಯ ದಿನದ ಪೆಂಡಾಲ್ ಬಿಚ್ಚಿ ಎರಡು ದಿನವಾಗಿತ್ತು. ನಮ್ಮ ಗಡಿಯಾರದಲ್ಲಿ ಸಂಜೆ 6 ಗಂಟೆ 11 ನಿಮಿಷ. ಇಲ್ಲಿ ಇನ್ನೂ ಹೊತ್ತು ಮುಳುಗಿರಲಿಲ್ಲ. ಅಮೆರಿಕದಲ್ಲಿ ಲೈಗೋ ಎಂಬ ಎರಡು ಯಂತ್ರಗಳಿವೆ, ಒಂದು ಹ್ಯಾನ್‌ಫರ್ಡ್‌ನಲ್ಲಿ, ಇನ್ನೊಂದು ಲಿವಿಂಗ್‌ಸ್ಟನ್‌ನಲ್ಲಿ. ಇಟಲಿಯಲ್ಲಿ ವರ್ಗೋ ಎಂಬುದು ಮೂರನೆಯದು. ದೂರದಲ್ಲಿ ಭಾರಿ ವಸ್ತುಗಳು ಡಿಕ್ಕಿಯಾದರೆ ಜಾಗವೇ ಅಲುಗುತ್ತದೆ, ಗುರುತ್ವದ ಅಲೆ ಏಳುತ್ತದೆ. ಅದನ್ನು ಹಿಡಿಯುವ ಯಂತ್ರಗಳಿವು. ಆ ಸಂಜೆ ಸುಮಾರು ನೂರು ಸೆಕೆಂಡಿನ ಅಲೆ ಬಂತು. ಅದು ನಿಂತು 1.7 ಸೆಕೆಂಡಿಗೆ ಫರ್ಮಿ ಉಪಗ್ರಹಕ್ಕೆ ಗಾಮಾ ಕಿರಣದ ಒಂದು ಸಣ್ಣ ಮಿಂಚು ಕಂಡಿತು. ಫರ್ಮಿಯ ಸಂದೇಶ ಯಾರ ಕೈಯೂ ತಾಗದೆ 14 ಸೆಕೆಂಡಿನಲ್ಲಿ ಲೋಕಕ್ಕೆಲ್ಲ ಹೋಯಿತು. ನಮ್ಮಂಥವರು ಹೆಮ್ಮೆಪಡುವ ಸಂಗತಿ.

ಆದರೆ ಲೈಗೋ ಕಡೆ ಆದದ್ದು ಬೇರೆ. ಅಲೆ ಮುಗಿಯಲು ಒಂದು ಸೆಕೆಂಡು ಇದೆ ಅನ್ನುವಾಗ ಲಿವಿಂಗ್‌ಸ್ಟನ್ ಯಂತ್ರದಲ್ಲಿ ಒಂದು ಗದ್ದಲ ಎದ್ದಿತು, ರೇಡಿಯೊದಲ್ಲಿ 'ಟಪ್' ಅನ್ನುತ್ತದಲ್ಲ, ಅಂಥದು. ಇಂಥ ಗದ್ದಲವಿದ್ದರೆ ಆ ಮಾಹಿತಿ ನಂಬಬೇಡ ಅಂತ ತಂತ್ರಾಂಶಕ್ಕೆ ಹೇಳಿಟ್ಟಿದ್ದರು. ಅದು ನಂಬಲಿಲ್ಲ. ತನಗೆ ಹೇಳಿದ್ದನ್ನು ಸರಿಯಾಗಿಯೇ ಮಾಡಿತು. ಹಾಗಾಗಿ ಹ್ಯಾನ್‌ಫರ್ಡ್ ಒಂದರಲ್ಲೇ ಅಲೆ ಬಂದಂತೆ ದಾಖಲಾಯಿತು, ಒಬ್ಬನೇ ಸಾಕ್ಷಿ. ಮನುಷ್ಯರು ಕೂತು, ಫರ್ಮಿಯ ಸಮಯವನ್ನೂ ಇದರ ಸಮಯವನ್ನೂ ಪಕ್ಕದಲ್ಲಿಟ್ಟು, ಲಿವಿಂಗ್‌ಸ್ಟನ್ನಿನ ಚಿತ್ರವನ್ನು ಕಣ್ಣಾರೆ ನೋಡಿದರು. ಗದ್ದಲದ ಹಿಂದೆ ಅಲೆಯ ಗೆರೆ ಅಲ್ಲೇ ಸ್ಪಷ್ಟವಾಗಿ ಏರುತ್ತಿತ್ತು. ಸುಮಾರು 40 ನಿಮಿಷಕ್ಕೆ ಲೋಕಕ್ಕೆ ಮೊದಲ ಸುತ್ತೋಲೆ ಹೋಯಿತು. ಗದ್ದಲವನ್ನು ತೆಗೆದು, ಮೂರೂ ಯಂತ್ರಗಳ ಲೆಕ್ಕ ಸೇರಿಸಿ ಆಕಾಶದ ನಕ್ಷೆ ಬರುವಷ್ಟರಲ್ಲಿ ನಮ್ಮಲ್ಲಿ ರಾತ್ರಿ 11 ಗಂಟೆ 24 ನಿಮಿಷ.

ಈ ಹೊತ್ತನ್ನು ನೆನಪಿಟ್ಟುಕೊಳ್ಳಿ. ಆ ಜಾಗ ಹೈಡ್ರಾ ನಕ್ಷತ್ರಪುಂಜದಲ್ಲಿತ್ತು, ಸೂರ್ಯನ ಹಿಂದೆಯೇ ಮೂರು ತಾಸಿನ ಅಂತರದಲ್ಲಿ ಮುಳುಗುವ ಜಾಗ. ನಕ್ಷೆ ಕೈಗೆ ಬಂದಾಗ ಭಾರತದ ಎಲ್ಲ ದೂರದರ್ಶಕಗಳಿಗೂ ಅದು ಮುಳುಗಿಹೋಗಿತ್ತು. ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹ ಅಂಥ ಗಾಮಾ ಮಿಂಚುಗಳನ್ನು ಹಿಡಿಯುವುದರಲ್ಲಿ ಗಟ್ಟಿ. ಆ ಗಳಿಗೆಯಲ್ಲಿ ಅದಕ್ಕೂ ಆ ಜಾಗಕ್ಕೂ ನಡುವೆ ಭೂಮಿಯೇ ಅಡ್ಡ ಇತ್ತು. ಯಾರ ತಪ್ಪೂ ಇಲ್ಲ, ಆದರೂ ಹೊಟ್ಟೆ ಉರಿಯುತ್ತದೆ.

ಸೀಮೆಯ ಅಳತೆ ಸುಮಾರು 30 ಚದರ ಡಿಗ್ರಿ, ಹುಣ್ಣಿಮೆ ಚಂದ್ರನನ್ನು ನೂರೈವತ್ತು ಸಲ ಒತ್ತಾಗಿ ಜೋಡಿಸಿದಷ್ಟು. ಕತ್ತಲೆಗಾಗಿ ಕಾದದ್ದು ದಕ್ಷಿಣ ಅಮೆರಿಕದ ಚಿಲಿ ದೇಶ. ಅಲ್ಲಿನ ಲಾಸ್ ಕಂಪಾನಸ್ ಬೆಟ್ಟದ ಮೇಲೆ ಸ್ವೋಪ್ ಎಂಬ ಒಂದೇ ಮೀಟರ್ ಅಗಲದ, ವಯಸ್ಸಾದ ದೂರದರ್ಶಕವಿದೆ. ಅದನ್ನು ಬಳಸುತ್ತಿದ್ದ ಕ್ಯಾಲಿಫೋರ್ನಿಯಾ ತಂಡ ಫರ್ಸಿ ಹಾಸುವ ದಾರಿ ಹಿಡಿಯಲಿಲ್ಲ. ಅಲೆ ಬಂದ ದೂರವೂ ಲೆಕ್ಕದಲ್ಲಿ ಗೊತ್ತಿತ್ತು, 13 ಕೋಟಿ ಜ್ಯೋತಿರ್ವರ್ಷದ ಆಸುಪಾಸು. ಆ ಸೀಮೆಯೊಳಗೆ ಆ ದೂರದಲ್ಲಿರುವ ಬ್ರಹ್ಮಾಂಡಗಳು, ಅಂದರೆ ಗೆಲಾಕ್ಸಿಗಳು, ಕೆಲವೇ. ಡೇವ್ ಕೂಲ್ಟರ್ ಎಂಬ ವಿದ್ಯಾರ್ಥಿ ಬರೆದಿದ್ದ ಕೋಡ್ ಅವನ್ನು ಪಟ್ಟಿ ಮಾಡಿ, ಯಾವುದು ಮೊದಲು ಅಂತ ಸಾಲು ಹಚ್ಚಿತು. ಊರೆಲ್ಲ ಬಾಗಿಲು ಬಡಿಯುವ ಬದಲು ನೆಂಟರಿರುವ ಮನೆಗಳಿಗಷ್ಟೇ ಹೋದಂತೆ. ಒಂಬತ್ತನೇ ಫೋಟೊದಲ್ಲಿ, ಎನ್‌ಜಿಸಿ 4993 ಎಂಬ ಗೆಲಾಕ್ಸಿಯ ಪಕ್ಕ, ಹಿಂದೆ ಇಲ್ಲದ ಒಂದು ಚುಕ್ಕೆ. ಡಿಕ್ಕಿಯಾಗಿ ಹನ್ನೊಂದು ಗಂಟೆ ಆಗಿತ್ತು. ಇಲ್ಲಿ ನಸುಕಿನ 5 ಗಂಟೆ.

ಮೊದಲು ನೀಲಿಯಾಗಿದ್ದದ್ದು ಕೆಲವೇ ದಿನಗಳಲ್ಲಿ ಕೆಂಪಾಗಿ ಕುಗ್ಗಿತು. ಆ ಬಣ್ಣ ಬದಲಾದ ರೀತಿಯಿಂದ ತಿಳಿದದ್ದು: ಬಂಗಾರ, ಪ್ಲಾಟಿನಂ ಜಾತಿಯ ಭಾರವಾದ ಧಾತುಗಳು ಇಂಥ ಡಿಕ್ಕಿಗಳಲ್ಲಿ ಹುಟ್ಟುತ್ತವೆ. ನಮ್ಮ ರಾಯಚೂರಿನ ಹಟ್ಟಿ ಗಣಿಯಲ್ಲಿ ತೆಗೆಯುವುದು, ತಾಯಂದಿರ ಕೊರಳಲ್ಲಿರುವುದು, ಎಲ್ಲವೂ ಭೂಮಿ ಹುಟ್ಟುವ ಮೊದಲು ಆಕಾಶದಲ್ಲಿ ಬೆಂದು ಬಂದದ್ದು. ಎರಡು ದಿನ ತಡವಾಗಿದ್ದರೆ ಆ ನೀಲಿ ಬೆಳಕು ಯಾರಿಗೂ ಸಿಗುತ್ತಿರಲಿಲ್ಲ, ಕಥೆಯ ಅರ್ಧ ಹಾಗೇ ಉಳಿಯುತ್ತಿತ್ತು.

ನಮ್ಮ ದೇಶ ಕೈಕಟ್ಟಿ ಕೂತಿಲ್ಲ. ಲಡಾಖಿನ ಹಾನ್ಲೆ ಎಂಬಲ್ಲಿ, ಸಮುದ್ರಮಟ್ಟದಿಂದ 4500 ಮೀಟರ್ ಎತ್ತರದಲ್ಲಿ, ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿದೆ. ಪಶ್ಚಿಮಕ್ಕೆ ಕ್ಯಾನರಿ ದ್ವೀಪಗಳು, ಪೂರ್ವಕ್ಕೆ ಆಸ್ಟ್ರೇಲಿಯಾ. ನಡುವಿನ ಅಷ್ಟು ದೊಡ್ಡ ಸೀಮೆಗೆ ಕಾವಲು ನಿಲ್ಲುವಂಥ ಜಾಗ ಅದು. ಚಿಲಿಯಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಬೆಳಗಾದರೆ ಪಾಳಿ ನಮ್ಮದು. ವಾಡಿ ಜಂಕ್ಷನ್‌ನಲ್ಲಿ ರೈಲು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಹಾಗೆ ರಾತ್ರಿಯೂ ದೇಶದಿಂದ ದೇಶಕ್ಕೆ ಹೋಗುತ್ತದೆ.

ಹಾನ್ಲೆಯಲ್ಲಿ ಎರಡು ಮೀಟರ್‌ನ ಹಿಮಾಲಯನ್ ಚಂದ್ರ ದೂರದರ್ಶಕ 2000ದ ಸೆಪ್ಟೆಂಬರ್‌ನಲ್ಲಿ ಮೊದಲ ಬೆಳಕು ಕಂಡಿತು. ಅದನ್ನು ನಡೆಸುವವರು ಕೂರುವುದು ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ, ಉಪಗ್ರಹದ ಸಂಪರ್ಕದಿಂದ. ಚಳಿಗಾಲದಲ್ಲಿ ಅಲ್ಲಿ ಸೊನ್ನೆಗಿಂತ ಎಷ್ಟೋ ಕೆಳಗೆ, ಇಲ್ಲಿ ಫ್ಯಾನ್ ಕೆಳಗೆ. ಅದರ ಪಕ್ಕದಲ್ಲೇ 2018ರಿಂದ ಇನ್ನೊಂದು ಇದೆ: ಖಭೌತ ಸಂಸ್ಥೆ ಮತ್ತು ಮುಂಬಯಿಯ ಐಐಟಿ ಸೇರಿ ನಿಲ್ಲಿಸಿದ 'ಗ್ರೋತ್ ಇಂಡಿಯಾ' ದೂರದರ್ಶಕ. ಅಗಲ 70 ಸೆಂಟಿಮೀಟರ್ ಮಾತ್ರ. ಆದರೆ ಅದು ಪೂರ್ತಿ ಸ್ವಯಂಚಾಲಿತ. ಸಂದೇಶ ಬಂದರೆ ಗುಮ್ಮಟ ತೆರೆಯುವುದು, ತಿರುಗುವುದು, ಫೋಟೊ ತೆಗೆಯುವುದು ಎಲ್ಲ ತಂತ್ರಾಂಶವೇ. 2023ರ ಮೇ 19ರಂದು ಜಪಾನಿನ ಹವ್ಯಾಸಿ ಕೊಯಿಚಿ ಇತಗಾಕಿ ಅವರು, ಸುಮಾರು 2 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯಲ್ಲಿ ಹೊಸ ಸೂಪರ್‌ನೋವಾ ಕಂಡು ತಿಳಿಸಿದಾಗ ಹಾನ್ಲೆಯ ಈ ದೂರದರ್ಶಕಗಳೂ ಆಸ್ಟ್ರೋಸ್ಯಾಟ್ ಉಪಗ್ರಹವೂ ಬೆನ್ನು ಹತ್ತಿದವು. ಒಬ್ಬ ಹವ್ಯಾಸಿಯ ಕಣ್ಣು, ಆಮೇಲೆ ದೇಶದೇಶಗಳ ಯಂತ್ರಗಳು, ಈ ಕ್ರಮ ಇನ್ನೂ ಹೋಗಿಲ್ಲ.

ಇಲ್ಲೊಂದು ಕಷ್ಟದ ಮಾತಿದೆ, ಹೇಳದೆ ಹೋದರೆ ಸರಿಯಲ್ಲ. ದೂರದರ್ಶಕದ ರಾತ್ರಿಗಳಿಗೆ ತಿಂಗಳುಗಳ ಮೊದಲೇ ಅರ್ಜಿ ಹಾಕಿ ಪಾಳಿ ಪಡೆದಿರುತ್ತಾರೆ. ಒಬ್ಬ ಸಂಶೋಧನಾ ವಿದ್ಯಾರ್ಥಿಗೆ ಆರು ತಿಂಗಳಲ್ಲಿ ಮೂರು ರಾತ್ರಿ ಸಿಕ್ಕಿರುತ್ತದೆ. ಆ ರಾತ್ರಿಯೇ ಸಂದೇಶ ಬಂದರೆ ಅವನ ಕೆಲಸ ನಿಲ್ಲಿಸಿ ದೂರದರ್ಶಕವನ್ನು ಬೇರೆ ಕಡೆ ತಿರುಗಿಸಬೇಕಾಗುತ್ತದೆ. 108 ಆಂಬುಲೆನ್ಸ್ ಬಂದರೆ ಎಲ್ಲರೂ ದಾರಿ ಬಿಡುವುದು ಸರಿ. ಆದರೆ ಪ್ರತಿ ಗಾಡಿಗೂ ಸೈರನ್ ಹಚ್ಚಿದರೆ? ಬಂದ ಸಂದೇಶಗಳಲ್ಲಿ ಎಷ್ಟೋ ಸುಳ್ಳು ಎಂದು ಆಮೇಲೆ ತಿಳಿಯುತ್ತದೆ, ಕೆಲವನ್ನು ಕಳಿಸಿದವರೇ ಹಿಂತೆಗೆದುಕೊಳ್ಳುತ್ತಾರೆ. ಯಾವುದಕ್ಕೆ ದಾರಿ ಬಿಡಿಸಬೇಕು ಅನ್ನುವುದನ್ನು ಸಂದೇಶ ಬಂದ ಮೇಲೆ ಸಭೆ ಸೇರಿ ತೀರ್ಮಾನಿಸಲು ಪುರುಸೊತ್ತಿಲ್ಲ. ಹಗಲು ಹೊತ್ತಿನಲ್ಲಿ, ತಣ್ಣಗೆ ಕೂತು, ಮೊದಲೇ ತೀರ್ಮಾನಿಸಿ ಬರೆದಿಡಬೇಕು. ತಂತ್ರಾಂಶ ಅಂದರೆ ಅದೇ. ಯಂತ್ರ ತೀರ್ಮಾನ ಮಾಡುತ್ತದೆ ಅಂತ ಜನ ಅನ್ನುತ್ತಾರೆ. ಯಂತ್ರ ಮಾಡುವುದಿಲ್ಲ, ಯಾರೋ ಮೊದಲೇ ಮಾಡಿಟ್ಟ ತೀರ್ಮಾನವನ್ನು ನಡೆಸುತ್ತದೆ. 2017ರಲ್ಲಿ "ಗದ್ದಲವಿದ್ದರೆ ನಂಬಬೇಡ" ಅಂದದ್ದೂ ಹಾಗೆ ಯಾರೋ ಹಗಲಲ್ಲಿ ಬರೆದಿಟ್ಟ ಒಂದು ಸಾಲು.

ಮುಂದೆ ಈ ಭಾರ ಹೆಚ್ಚಲಿದೆ. ಚಿಲಿಯ ವೀರಾ ರೂಬಿನ್ ವೀಕ್ಷಣಾಲಯ 2025ರ ಜೂನ್‌ನಲ್ಲಿ ತನ್ನ ಮೊದಲ ಚಿತ್ರಗಳನ್ನು ತೋರಿಸಿತು. ಅದು ಪೂರ್ಣವಾಗಿ ಓಡತೊಡಗಿದರೆ ಒಂದೇ ರಾತ್ರಿಯಲ್ಲಿ "ಇಲ್ಲಿ ಏನೋ ಬದಲಾಗಿದೆ" ಎನ್ನುವ ಸಂದೇಶಗಳು ಲಕ್ಷಗಳಲ್ಲಿ, ಕೋಟಿಯ ಹತ್ತಿರಕ್ಕೆ ಹೋಗಬಹುದು ಎಂಬ ಅಂದಾಜಿದೆ. ಅಷ್ಟನ್ನು ಓದುವ ಮನುಷ್ಯರು ಎಲ್ಲಿಯೂ ಇಲ್ಲ.

ನಮ್ಮ ಕಡೆಯಿಂದ ಬರಲಿರುವ ಒಂದು ದೊಡ್ಡ ಸಹಾಯ ಇಲ್ಲಿಂದ ಬಹಳ ದೂರವೇನಿಲ್ಲ. ಲೈಗೋ ಯಂತ್ರ ಭಾರತದಲ್ಲೂ ಒಂದು ಬರಲಿದೆ, ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾ ನಾಗನಾಥದ ಹತ್ತಿರ. ಜ್ಯೋತಿರ್ಲಿಂಗದ ದರ್ಶನಕ್ಕೆ ಹೋಗಿ ಬಂದವರು ಇಲ್ಲಿ ಇದ್ದಾರೆ. ಹಿಂಗೋಲಿಯೂ ನಮ್ಮ ಹಾಗೆ ನಿಜಾಮರ ರಾಜ್ಯದಲ್ಲಿದ್ದ ಸೀಮೆಯೇ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಚಿವ ಸಂಪುಟ ಇದಕ್ಕೆ ಸುಮಾರು 2600 ಕೋಟಿ ರೂಪಾಯಿ ಒಪ್ಪಿತು. ಯಂತ್ರ ಹೆಚ್ಚಾದಷ್ಟು ಹುಡುಕುವ ಸೀಮೆ ಚಿಕ್ಕದಾಗುತ್ತದೆ. 2017ರಲ್ಲಿ ಅಮೆರಿಕದ ಎರಡರಿಂದಲೇ ಲೆಕ್ಕ ಹಾಕಿದ್ದರೆ ಸೀಮೆ 190 ಚದರ ಡಿಗ್ರಿ ಆಗುತ್ತಿತ್ತು. ಇಟಲಿಯದು ಸೇರಿದ್ದಕ್ಕೆ 30ರ ಹತ್ತಿರ ಬಂತು. ಇಟಲಿಯ ಯಂತ್ರಕ್ಕೆ ಆ ಅಲೆ ಸರಿಯಾಗಿ ಕೇಳಿಸಿರಲೂ ಇಲ್ಲ. "ನನಗೆ ಕೇಳಿಸಲಿಲ್ಲ" ಅಂದದ್ದೇ ದಿಕ್ಕು ತೋರಿಸಿತು. ಔಂಢಾದ ಯಂತ್ರ ನಡೆಸಲು ಎಂಜಿನಿಯರುಗಳು, ಐಟಿಐ ಓದಿದವರು, ಕಂಪ್ಯೂಟರ್ ಬಲ್ಲವರು ಬೇಕು. ಈಗ ಎಂಟನೇ ತರಗತಿಯಲ್ಲಿರುವವರು ಕೆಲಸ ಹುಡುಕುವ ವಯಸ್ಸಿಗೆ ಬರುವಾಗ ಆ ಬಾಗಿಲು ತೆರೆದಿರಬಹುದು. ಈ ಕೆಲಸದ ತಂತ್ರಾಂಶಗಳಲ್ಲಿ ಹೆಚ್ಚಿನವು ಮುಕ್ತ; ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು, ಒಳಗೆ ಏನು ಬರೆದಿದ್ದಾರೆ ಅಂತ ಸಾಲು ಸಾಲೂ ಓದಬಹುದು. ಬರೆದಿರುವುದು ಪೈಥಾನ್ ಎಂಬ ಭಾಷೆಯಲ್ಲಿ, ಅದನ್ನು ಕಲಿಯಲು ನಮ್ಮ ಶಾಲೆಯ ಹಳೆಯ ಕಂಪ್ಯೂಟರೂ ಸಾಕು. ಅದಕ್ಕೆ ಧೂಳು ಹೊದಿಸಿ ಬೀಗ ಹಾಕಿಡುವ ಅಗತ್ಯವಿಲ್ಲ ಎಂದು ಮುಖ್ಯ ಗುರುಗಳಲ್ಲಿ ನನ್ನ ವಿನಂತಿ. ನಗುತ್ತಿದ್ದಾರೆ, ಒಪ್ಪಿದರು ಅಂತ ತಿಳಿಯುತ್ತೇನೆ.

"ಇದರಿಂದ ಹೊಲಕ್ಕೇನು ಬಂತು?" ಅಂತ ಯಾರೋ ಕೇಳಿಯೇ ಕೇಳುತ್ತಾರೆ, ಕೇಳಬೇಕು. ಬೇಸಿಗೆ ಮಳೆಯ ಸಿಡಿಲಿಗೆ ನಮ್ಮ ಜಿಲ್ಲೆಯಲ್ಲಿ ಹೊಲದಲ್ಲಿದ್ದವರು, ಕುರಿ ಕಾಯುವವರು ಸಾಯುತ್ತಾರೆ. ಪುಣೆಯ ಸಂಸ್ಥೆಯೊಂದರ 'ದಾಮಿನಿ', ನಮ್ಮ ರಾಜ್ಯದ ವಿಪತ್ತು ನಿರ್ವಹಣಾ ಕೇಂದ್ರದ 'ಸಿಡಿಲು', ಇವೆರಡೂ ಫೋನಿನಲ್ಲಿ ಎಚ್ಚರಿಕೆ ಕೊಡುವ ಆ್ಯಪ್‌ಗಳು. ಅವುಗಳ ಎಲುಬಿನ ಗೂಡು ನಾನು ಇಷ್ಟು ಹೊತ್ತು ಹೇಳಿದ್ದೇ: ಎಲ್ಲೋ ಒಂದು ಘಟನೆ, ಅಂದಾಜಿನ ಜಾಗ, ಬೇಗ ಹೋಗಬೇಕಾದ ಸಂದೇಶ, ಏನಾದರೂ ಮಾಡಬಲ್ಲವನ ಕೈಗೆ ಮುಟ್ಟುವುದು. ಕೊನೆಯ ಹೆಜ್ಜೆ ಮಾತ್ರ ಆಕಾಶಕ್ಕಿಂತ ಇಲ್ಲೇ ಕಷ್ಟ. ಹಾನ್ಲೆಯ ದೂರದರ್ಶಕಕ್ಕೆ ಸಂದೇಶ ಸೆಕೆಂಡುಗಳಲ್ಲಿ ಮುಟ್ಟುತ್ತದೆ. ಹಳ್ಳದ ಆಚೆ ಕುರಿ ಕಾಯುವವನ ಫೋನಿಗೆ ನೆಟ್‌ವರ್ಕ್ ಇರುವುದಿಲ್ಲ. ಇಲ್ಲಿ ಓದುವ ಯಾರಾದರೂ ಆ ಕೊನೆಯ ಹೆಜ್ಜೆಯನ್ನು ಬಗೆಹರಿಸಿದರೆ ನನ್ನ ಕೆಲಸಕ್ಕಿಂತ ಅದು ದೊಡ್ಡದು.

ಕೊನೆಯದಾಗಿ ಹುಡುಗರಿಗೊಂದು ಕೆಲಸ ಕೊಟ್ಟು ಹೋಗುತ್ತೇನೆ, ಇದಕ್ಕೆ ತಂತ್ರಾಂಶ ಬೇಡ. ಸುಮಾರು 3000 ಜ್ಯೋತಿರ್ವರ್ಷ ದೂರದಲ್ಲಿ ಒಂದು ನಕ್ಷತ್ರವಿದೆ, ಹೆಸರು ಟಿ ಕರೋನೆ ಬೊರಿಯಾಲಿಸ್. ಬರಿಗಣ್ಣಿಗೆ ಕಾಣುವುದಿಲ್ಲ. ಆದರೆ 1866ರಲ್ಲಿ ಒಮ್ಮೆ, 1946ರಲ್ಲಿ ಇನ್ನೊಮ್ಮೆ ಹೊತ್ತಿಕೊಂಡು ಧ್ರುವ ನಕ್ಷತ್ರದಷ್ಟು ಬೆಳಗಿತ್ತು. ಎಂಬತ್ತು ವರ್ಷದ ಲೆಕ್ಕದಲ್ಲಿ ಮತ್ತೆ ಹೊತ್ತುವ ಕಾಲ ಬಂದಿದೆ ಎಂದು ಲೋಕವೆಲ್ಲ ಕಾಯುತ್ತಿದೆ. ಅಮೆರಿಕದಲ್ಲಿ ಲೆಸ್ಲಿ ಪೆಲ್ಟಿಯರ್ ಎಂಬ ರೈತನ ಮಗ ಇದ್ದರು. ಹುಡುಗನಾಗಿದ್ದಾಗ ಸ್ಟ್ರಾಬೆರಿ ಹಣ್ಣು ಬಿಡಿಸುವ ಕೂಲಿ ಮಾಡಿ ಕೂಡಿಸಿದ 18 ಡಾಲರ್‌ನಿಂದ ಮೊದಲ ದೂರದರ್ಶಕ ಕೊಂಡವರು. ಈ ನಕ್ಷತ್ರವನ್ನು ಅವರು ಇಪ್ಪತ್ತೈದು ವರ್ಷ ಬಿಡದೆ ಕಾದರು. 1946ರ ಫೆಬ್ರವರಿಯ ಒಂದು ನಸುಕಿಗೆ ಎದ್ದಾಗ ನೆಗಡಿಯಾದಂತೆ ಅನ್ನಿಸಿ ಮತ್ತೆ ಮಲಗಿಬಿಟ್ಟರು. ಅವತ್ತೇ ಅದು ಹೊತ್ತಿಕೊಂಡಿತು. ಅದೇ ಸಮಯದಲ್ಲಿ ಬ್ರಿಟನ್ನಿನ ವೇಲ್ಸ್‌ನಲ್ಲಿ ಹದಿನೈದು ವರ್ಷದ ಒಬ್ಬ ಶಾಲಾ ಹುಡುಗ ತನ್ನ ಮನೆಯ ಕಿಟಕಿಯಿಂದ ಅದನ್ನು ಕಂಡ.

ಹದಿನೈದು ಅಂದರೆ ನಿಮ್ಮ ಹತ್ತನೇ ತರಗತಿ. ಜೂನ್ ತಿಂಗಳ ರಾತ್ರಿ ಒಂಬತ್ತು ಹತ್ತರ ಹೊತ್ತಿಗೆ, ಮೋಡ ಬಿಟ್ಟಾಗ, ಸೇಡಂ ಮತ್ತು ವಾಡಿಯ ಸಿಮೆಂಟ್ ಕಾರ್ಖಾನೆಗಳ ಬೆಳಕು ಕಣ್ಣಿಗೆ ಬೀಳದ ಕಡೆ ನಿಲ್ಲಿ. ನೆತ್ತಿಯ ಹತ್ತಿರ ಕಿತ್ತಳೆ ಬಣ್ಣದ ದೊಡ್ಡ ನಕ್ಷತ್ರ ಸ್ವಾತಿ. ಈಶಾನ್ಯದಲ್ಲಿ ಬೆಳ್ಳಗೆ ಹೊಳೆಯುವುದು ಅಭಿಜಿತ್. ಸ್ವಾತಿಯಿಂದ ಅಭಿಜಿತ್ ಕಡೆಗೆ ಮೂರರಲ್ಲಿ ಒಂದು ಪಾಲು ದೂರ ನಡೆದರೆ, ಅರ್ಧ ಬಳೆಯಂತೆ ಬಾಗಿದ ಏಳು ಸಣ್ಣ ಚಿಕ್ಕಿಗಳ ಸಾಲು ಸಿಗುತ್ತದೆ, ಅದರಲ್ಲಿ ಒಂದು ಮಾತ್ರ ಉಳಿದವಕ್ಕಿಂತ ಜೋರು. ಆ ಬಳೆಯನ್ನು ಬಾಯಿಪಾಠ ಮಾಡಿಕೊಳ್ಳಿ. ಎಂದಾದರೂ ಅದರ ಎಡ ತುದಿಯ ಹೊರಗೆ ಇನ್ನೊಂದು ಅಷ್ಟೇ ಜೋರಾದ ಚಿಕ್ಕಿ ಕಂಡರೆ, ಮೊದಲು ಗಡಿಯಾರ ನೋಡಿ ಹೊತ್ತನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಆಮೇಲೆ ವಿಜ್ಞಾನ ಗುರುಗಳನ್ನು ಎಬ್ಬಿಸಿ. ರಾತ್ರಿ ಎಷ್ಟೇ ಆಗಿರಲಿ, ಅವರು ಬೈಯುವುದಿಲ್ಲ. ಅವರನ್ನು ಕೇಳಿಯೇ ಹೇಳುತ್ತಿದ್ದೇನೆ. ಬರಿಗಣ್ಣಿಗೆ ಒಂದು ವಾರದಷ್ಟೇ ಕಾಣುತ್ತದೆ.